ಸಕ್ಕರೆ ಕಾಯಿಲೆಯ ಕಣ್ಣು: ಚಿಕಿತ್ಸೆ ಫಲಿಸುತ್ತಾ ಅಂತ ಮೊದಲೇ ಹೇಳಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಸಕ್ಕರೆ ಕಾಯಿಲೆ ಕಣ್ಣಿಗೆ ಬಂದಿದೆ, ರೆಟಿನಾದ ನಡುಭಾಗದಲ್ಲಿ ನೀರು ತುಂಬಿದೆ, ಇಂಜೆಕ್ಷನ್ ಬೇಕು. ಇಷ್ಟು ಕೇಳಿದ ಕೂಡಲೇ ಯಾರಿಗಾದರೂ ಹುಟ್ಟುವ ಪ್ರಶ್ನೆ ಒಂದೇ: ಇದರಿಂದ ನನ್ನ ಕಣ್ಣು ಸರಿಹೋಗುತ್ತಾ? ಕೇಳುವವರಲ್ಲಿ ರೋಗಿಗಳಿದ್ದಾರೆ, ಅವರ ಮಕ್ಕಳಿದ್ದಾರೆ, ಆಪ್ಟೊಮೆಟ್ರಿ ಓದುತ್ತಿರುವವರಿದ್ದಾರೆ, ಕಂಪ್ಯೂಟರ್ ಮಾಡೆಲ್ ಕಟ್ಟುವ ಎಂಜಿನಿಯರುಗಳೂ ಇದ್ದಾರೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಕೊನೆಗೆ. ನಿಮ್ಮ ಕಣ್ಣಿನ ತೀರ್ಮಾನ ನಿಮ್ಮ ರೆಟಿನಾ ಡಾಕ್ಟರ ಜೊತೆಗೇ ಆಗಬೇಕು. ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ತಿಳಿದಿರಲಿ ಎಂದು ಇದನ್ನು ಬರೆದಿದ್ದೇನೆ.

## ಮೊದಲು ತಿಳಿಯಬೇಕಾದ್ದು

"ಕಣ್ಣಲ್ಲಿ ನೀರು ತುಂಬಿದೆ ಅಂತಾರೆ. ನನಗೆ ಕಣ್ಣೀರೇ ಸುರಿಯಲ್ಲ. ಏನಿದು?"

ಇದು ಹೊರಗೆ ಸುರಿಯುವ ನೀರಲ್ಲ. ಕಣ್ಣಿನ ಹಿಂಬದಿಯಲ್ಲಿ ರೆಟಿನಾ ಎಂಬ ತೆಳುವಾದ ಪದರ ಇದೆ. ಅದರ ನಟ್ಟನಡುವಿನ ಜಾಗ ಮ್ಯಾಕ್ಯುಲಾ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲಕ್ಕೂ ಈ ಜಾಗವೇ ಬೇಕು. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಇಲ್ಲಿನ ಸಣ್ಣ ರಕ್ತನಾಳಗಳು ಸೋರಲು ಶುರುವಾಗುತ್ತವೆ. ಸೋರಿದ ದ್ರವ ಪದರಗಳ ನಡುವೆ ನಿಂತು ಮ್ಯಾಕ್ಯುಲಾ ಊದಿಕೊಳ್ಳುತ್ತದೆ. ಡಯಾಬಿಟಿಕ್ ಮ್ಯಾಕ್ಯುಲರ್ ಎಡಿಮಾ ಎನ್ನುವುದು ಇದನ್ನೇ. ಡಾಕ್ಟರ ಚೀಟಿಯಲ್ಲಿ ಚಿಕ್ಕದಾಗಿ ಡಿಎಂಇ ಅಂತ ಇರುತ್ತದೆ.

"ಈ ಇಂಜೆಕ್ಷನ್ ಏನು ಮಾಡುತ್ತೆ? ಒಂದು ಹಾಕಿಸಿದರೆ ಸಾಲದಾ?"

ಆಮ್ಲಜನಕ ಸಾಲದ ರೆಟಿನಾ ವಿಇಜಿಎಫ್ ಎಂಬ ಪ್ರೋಟೀನನ್ನು ಅತಿಯಾಗಿ ಹೊರಬಿಡುತ್ತದೆ. ರಕ್ತನಾಳ ಸೋರುವಂತೆ ಮಾಡುವುದರಲ್ಲಿ ಇದರ ಪಾಲು ದೊಡ್ಡದು. ಬೆವಸಿಜುಮ್ಯಾಬ್, ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್ ಈ ಪ್ರೋಟೀನನ್ನು ಹಿಡಿದು ಕಟ್ಟಿಹಾಕುವ ಔಷಧಗಳು. 2022ರಲ್ಲಿ ಬಂದ ಫಾರಿಸಿಮ್ಯಾಬ್ ಇದರ ಜೊತೆಗೆ ಆಂಜಿಯೋಪೊಯೆಟಿನ್-2 ಎಂಬ ಇನ್ನೊಂದನ್ನೂ ತಡೆಯುತ್ತದೆ.

ಔಷಧ ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ಕಾಯಿಲೆ ಮಾತ್ರ ಅಲ್ಲೇ ಇರುತ್ತದೆ. ಅದಕ್ಕೇ ಒಂದು ಸಾಲುವುದಿಲ್ಲ. ಪ್ರೋಟೋಕಾಲ್ ಟಿ ಎಂಬ ದೊಡ್ಡ ಅಧ್ಯಯನದಲ್ಲಿ ಮೊದಲ ವರ್ಷ ಸಾಮಾನ್ಯವಾಗಿ 9–10 ಇಂಜೆಕ್ಷನ್ ಬೇಕಾದವು, ಎರಡನೇ ವರ್ಷ 5–6. ವರ್ಷ ಕಳೆದಂತೆ ಕಡಿಮೆಯಾಗುತ್ತಾ ಹೋಗುತ್ತದೆ ಎಂಬುದೇ ಸಮಾಧಾನದ ಸಂಗತಿ. ಈ ಲೆಕ್ಕವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು ಅಂತ ನನಗನಿಸುತ್ತದೆ. ಮೂರಕ್ಕೆ ಮುಗಿಯುತ್ತದೆ ಅಂದುಕೊಂಡು ಬಂದವರಿಗೆ ನಾಲ್ಕನೆಯದು ಸೋಲಿನ ಹಾಗೆ ಕಾಣುತ್ತದೆ.

"ಸ್ಕ್ಯಾನ್‌ನಲ್ಲಿ ಚೆನ್ನಾಗಿ ಒಣಗಿದೆ ಅಂತಾರೆ ಡಾಕ್ಟರು. ನನಗೆ ಏನೂ ವ್ಯತ್ಯಾಸ ಕಾಣ್ತಿಲ್ಲ. ಯಾರ ಮಾತು ಸರಿ?"

ಇಬ್ಬರದೂ ಸರಿ. ಇಡೀ ಗೊಂದಲ ಇರುವುದೇ ಇಲ್ಲಿ, ಸ್ವಲ್ಪ ನಿಧಾನವಾಗಿ ನೋಡೋಣ.

"ಫಲಿಸುತ್ತಾ" ಎಂಬ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ನೀರು ಇಳಿಯುತ್ತಾ ಎನ್ನುವುದು ಒಂದು. ದೃಷ್ಟಿ ಬರುತ್ತಾ ಎನ್ನುವುದು ಇನ್ನೊಂದು. ನೀರು ಇಳಿಯುವುದು ಔಷಧದ ಕೈಯಲ್ಲಿದೆ. ದೃಷ್ಟಿ ಬರುವುದು ನೀರಿನ ಕೆಳಗೆ ಉಳಿದಿರುವ ನರಕೋಶಗಳ ಕೈಯಲ್ಲಿದೆ. ಮಳೆಗೆ ನೆನೆದ ಪುಸ್ತಕವನ್ನು ಬಿಸಿಲಿಗೆ ಹಾಕಿದರೆ ಹಾಳೆ ಒಣಗುತ್ತದೆ. ಅಕ್ಷರ ಓದಲು ಬರುತ್ತದೋ ಇಲ್ಲವೋ ಎನ್ನುವುದು ಶಾಯಿ ಎಷ್ಟು ಅಳಿಸಿದೆ ಎಂಬುದರ ಮೇಲೆ ಹೋಗುತ್ತದೆ.

ಅಂಕಿಅಂಶವೂ ಇದನ್ನೇ ಹೇಳುತ್ತದೆ. ಡಿಆರ್‌ಸಿಆರ್ ಎಂಬ ಅಮೆರಿಕದ ಸಂಶೋಧನಾ ಜಾಲ 2007ರಲ್ಲಿ ಮ್ಯಾಕ್ಯುಲಾದ ದಪ್ಪಕ್ಕೂ ದೃಷ್ಟಿಗೂ ಎಷ್ಟು ನಂಟಿದೆ ಅಂತ ಲೆಕ್ಕ ಹಾಕಿತು. ಸಿಕ್ಕಿದ ಸಹಸಂಬಂಧ 0.52. ಅಂದರೆ ನಂಟು ಇದೆ, ಆದರೆ ಬಿಗಿಯಾಗಿಲ್ಲ. ದಪ್ಪ ಊತ ಇದ್ದೂ ಚೆನ್ನಾಗಿ ಓದುವವರಿದ್ದಾರೆ. ತೆಳ್ಳಗೆ ಒಣಗಿದ್ದೂ ಮೇಲಿನ ಸಾಲಿನಲ್ಲೇ ತಡವರಿಸುವವರಿದ್ದಾರೆ.

ಹಾಗಂತ ಎಲ್ಲವನ್ನೂ ನರದ ಮೇಲೆ ಹೊರಿಸಬೇಡಿ. ಸ್ಕ್ಯಾನ್ ಒಣಗಿದ ಮೇಲೂ ಮಂಜು ಉಳಿದರೆ ಪೊರೆ ಬಂದಿದೆಯಾ, ಕನ್ನಡಕದ ನಂಬರು ಬದಲಾಗಿದೆಯಾ ಅಂತ ಮೊದಲು ನೋಡಿಸಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಪೊರೆ ಬೇಗ ಬರುತ್ತದೆ.

## ಚಿಕಿತ್ಸೆ ಶುರುವಾಗುವ ಮೊದಲು

"ಮೊದಲ ಇಂಜೆಕ್ಷನ್‌ಗೂ ಮುಂಚೆನೇ ಎಷ್ಟು ದೃಷ್ಟಿ ಬರುತ್ತೆ ಅಂತ ಹೇಳೋಕಾಗುತ್ತಾ?"

ಒಂದು ಅಂದಾಜು ಕೊಡಬಹುದು. ಖಚಿತವಾಗಿ ಯಾರೂ ಹೇಳಲಾರರು.

ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರುವುದು ಇದು. ವಯಸ್ಸು ಕಡಿಮೆ ಇದ್ದವರಿಗೆ ಲಾಭ ಜಾಸ್ತಿ. ಶುರುವಿನಲ್ಲಿ ದೃಷ್ಟಿ ಕಡಿಮೆ ಇದ್ದವರು ಹೆಚ್ಚು ಅಕ್ಷರಗಳನ್ನು ಗಳಿಸುತ್ತಾರೆ, ಏಕೆಂದರೆ ಗಳಿಸಲು ಅವರಿಗೆ ಜಾಗ ಇದೆ. ಆದರೆ ಕೊನೆಗೆ ಚೆನ್ನಾಗಿ ಕಾಣುವವರು ಶುರುವಿನಲ್ಲೂ ಚೆನ್ನಾಗಿ ಕಾಣುತ್ತಿದ್ದವರೇ. 15 ಅಕ್ಷರ ಗಳಿಸಿದವರನ್ನು ನೋಡಿ, 5 ಅಕ್ಷರ ಗಳಿಸಿದವರು ಕೊರಗುವುದನ್ನು ಕಂಡಿದ್ದೇನೆ. ಎರಡನೆಯವರು ಚಾರ್ಟಿನ ಕೆಳಗಿನ ಸಾಲುಗಳನ್ನು ಓದುತ್ತಿರುತ್ತಾರೆ, ಅಷ್ಟೇ. (ಅಧ್ಯಯನಗಳ ಚಾರ್ಟಿನಲ್ಲಿ ಸಾಲಿಗೆ 5 ಅಕ್ಷರ ಇರುತ್ತದೆ. 6/6, ಅಂದರೆ ಸಹಜ ದೃಷ್ಟಿ, ಸುಮಾರು 85 ಅಕ್ಷರ. ಗೆರೆಯ ಆಚೆಯ ಸಂಖ್ಯೆ ಏರಿದಷ್ಟೂ ದೃಷ್ಟಿ ಕಡಿಮೆ.)

ಮೂರನೆಯದು ಕಾಲ. ರೈಸ್ ಮತ್ತು ರೈಡ್ ಎಂಬ ಜೋಡಿ ಅಧ್ಯಯನಗಳಲ್ಲಿ ಒಂದು ಗುಂಪಿಗೆ ಮೊದಲಿನಿಂದಲೇ ರಾನಿಬಿಜುಮ್ಯಾಬ್ ಕೊಟ್ಟರು. ಇನ್ನೊಂದು ಗುಂಪಿಗೆ 2 ವರ್ಷ ಕಳೆದ ಮೇಲೆ ಅದೇ ಔಷಧ ಸಿಕ್ಕಿತು. 3 ವರ್ಷದ ಕೊನೆಗೆ ಮೊದಲ ಗುಂಪು ಸರಾಸರಿ 10ರಿಂದ 14 ಅಕ್ಷರ ಗಳಿಸಿತ್ತು. ತಡವಾಗಿ ಪಡೆದವರು 4–5ರಲ್ಲೇ ನಿಂತರು. ಔಷಧ ಅದೇ, ಕಾದ ಕಾಲ ಬೇರೆ.

"ಓಸಿಟಿ ಪ್ರಿಂಟ್ ಕೈಯಲ್ಲಿದೆ. ಇದರಲ್ಲಿ ಏನು ನೋಡಬೇಕು?"

ಓಸಿಟಿ ಅಂದರೆ ಬೆಳಕನ್ನು ಬಳಸಿ ರೆಟಿನಾದ ಪದರಗಳ ಚಿತ್ರ ತೆಗೆಯುವ ಸ್ಕ್ಯಾನ್. ಪ್ರಿಂಟಿನಲ್ಲಿ ಸಾಮಾನ್ಯವಾಗಿ ಒಂದು ಬಣ್ಣದ ನಕ್ಷೆ, ಅದರ ಮೇಲೆ ವೃತ್ತಗಳು, ಪ್ರತಿ ಖಾನೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಪಕ್ಕದಲ್ಲೋ ಕೆಳಗೋ ಬೂದು ಬಣ್ಣದ ಅಡ್ಡ ಸೀಳಿನ ಚಿತ್ರ ಇರುತ್ತದೆ. ಎಲ್ಲರ ಕಣ್ಣು ಹೋಗುವುದು ನಟ್ಟನಡುವಿನ ಸಂಖ್ಯೆಗೆ. ಅದು ನಡುವಿನ 1 ಮಿಲಿಮೀಟರ್ ವೃತ್ತದ ಸರಾಸರಿ ದಪ್ಪ, ಮೈಕ್ರಾನ್ ಲೆಕ್ಕದಲ್ಲಿ. ಊತ ಇದೆ ಎನ್ನಲು ಡಿಆರ್‌ಸಿಆರ್ ಅಧ್ಯಯನಗಳು ಬಳಸಿದ ಗಡಿ ಸಿರಸ್ ಯಂತ್ರದಲ್ಲಿ ಹೆಂಗಸರಿಗೆ 290, ಗಂಡಸರಿಗೆ 305. ಸ್ಪೆಕ್ಟ್ರಾಲಿಸ್ ಯಂತ್ರದಲ್ಲಿ 305 ಮತ್ತು 320. ಯಂತ್ರ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ ಅಂತಾಯ್ತು. ಒಂದು ಕಡೆ ಒಂದು ಯಂತ್ರದಲ್ಲಿ, ಇನ್ನೊಂದು ಕಡೆ ಇನ್ನೊಂದರಲ್ಲಿ ತೆಗೆಸಿ, 15 ಮೈಕ್ರಾನ್ ಜಾಸ್ತಿ ಆಯ್ತು ಅಂತ ಗಾಬರಿಯಾಗಬೇಡಿ.

ಮುಂದೇನಾಗುತ್ತದೆ ಎಂಬ ಸುಳಿವು ಆ ಸಂಖ್ಯೆಗಿಂತ ಬೂದು ಚಿತ್ರದಲ್ಲೇ ಜಾಸ್ತಿ ಇದೆ. ಪದರಗಳ ನಡುವೆ ಕಪ್ಪು ಗುಳ್ಳೆಗಳು ಕಂಡರೆ ಅದು ನಿಂತ ದ್ರವ. ಗುಳ್ಳೆ ಇರುವುದರಿಂದಲೇ ಹೆದರಬೇಕಿಲ್ಲ, ಔಷಧಕ್ಕೆ ಇಳಿಯುವುದು ಅದೇ. ರೆಟಿನಾದ ಕೆಳಭಾಗದಲ್ಲಿ, ಉದ್ದಕ್ಕೂ ಎಳೆದ ದಾರದ ಹಾಗೆ ಒಂದು ಬಿಳಿ ಗೆರೆ ಇರುತ್ತದೆ. ಎಲಿಪ್ಸಾಯ್ಡ್ ಜೋನ್ ಅಂತ ಅದರ ಹೆಸರು. ಬೆಳಕನ್ನು ಹಿಡಿಯುವ ಕೋಶಗಳ ಆರೋಗ್ಯ ಅಲ್ಲಿ ಕಾಣುತ್ತದೆ. ನಡುವಿನ ಗುಳಿಯ ಕೆಳಗೆ ಆ ಗೆರೆ ಕಡಿದುಹೋಗಿದ್ದರೆ, ಎಷ್ಟು ಚೆನ್ನಾಗಿ ಒಣಗಿದರೂ ದೃಷ್ಟಿ ಪೂರ್ತಿ ಬರುವ ಸಾಧ್ಯತೆ ಕಡಿಮೆ. ಒಂದು ಎಚ್ಚರಿಕೆ: ಮೇಲೆ ದ್ರವ ಜಾಸ್ತಿ ಇದ್ದಾಗ ಅದರ ನೆರಳಿಗೆ ಗೆರೆ ಮಸುಕಾಗಿ ಕಾಣಬಹುದು. ಒಣಗಿದ ಮೇಲೆ ಇನ್ನೊಮ್ಮೆ ನೋಡದೆ ತೀರ್ಪು ಕೊಡಬಾರದು.

ಇನ್ನೊಂದು ಗುರುತಿಗೆ ಡ್ರಿಲ್ ಅಂತಾರೆ. ಒಳಪದರಗಳು ಒಂದರ ಮೇಲೊಂದು ಬೇರೆ ಬೇರೆಯಾಗಿ ಕಾಣುವ ಬದಲು ಕಲಸಿಹೋಗಿ, ಗಡಿ ಎಲ್ಲಿದೆ ಅಂತ ಗೊತ್ತಾಗದ ಸ್ಥಿತಿ. 2014ರಲ್ಲಿ ಜಾಸ್ಲಿನ್ ಡಯಾಬಿಟಿಸ್ ಸೆಂಟರ್‌ನ ತಂಡ ಇದಕ್ಕೂ ದೃಷ್ಟಿಗೂ ಇರುವ ನಂಟನ್ನು ತೋರಿಸಿತು. ನಡುಭಾಗದಲ್ಲಿ ಡ್ರಿಲ್ ಹರಡಿದಷ್ಟೂ ದೃಷ್ಟಿ ಕಡಿಮೆ. ಚಿಕಿತ್ಸೆಯಿಂದ ಅದು ಕುಗ್ಗಿದರೆ ಒಳ್ಳೆಯ ಸೂಚನೆ.

ಮ್ಯಾಕ್ಯುಲಾದ ಮೇಲೆ ತೆಳುವಾದ ಇನ್ನೊಂದು ಪದರ ಬೆಳೆದು ಎಳೆಯುತ್ತಿದ್ದರೆ ಕಥೆಯೇ ಬೇರೆ. ಎಳೆತವನ್ನು ಇಂಜೆಕ್ಷನ್ ಬಿಡಿಸಲಾರದು. ಅಂಥ ಕಣ್ಣಿಗೆ ಆಪರೇಷನ್ ಬೇಕಾಗಬಹುದು. ಸಣ್ಣ ಬಿಳಿ ಚುಕ್ಕೆಗಳ ಬಗ್ಗೆ, ರೆಟಿನಾದ ಕೆಳಗೆ ನಿಂತ ದ್ರವದ ಬಗ್ಗೆ ಲೇಖನಗಳು ಬೇಕಾದಷ್ಟಿವೆ, ಆದರೆ ಒಂದಕ್ಕೊಂದು ಹೊಂದುವುದಿಲ್ಲ. ಅವೆರಡನ್ನೇ ನಂಬಿ ಔಷಧ ಆರಿಸಬೇಕು ಎನ್ನುವ ಮಟ್ಟಕ್ಕೆ ವಿಷಯ ಬಂದಿಲ್ಲ.

"ಓಸಿಟಿ ಇದ್ದ ಮೇಲೆ ಆಂಜಿಯೋಗ್ರಾಮ್ ಯಾಕೆ?"

ಇಲ್ಲಿ ಆಂಜಿಯೋಗ್ರಾಮ್ ಅಂದರೆ ಹೃದಯದ್ದಲ್ಲ, ಕೈಯ ರಕ್ತನಾಳಕ್ಕೆ ಡೈ ಚುಚ್ಚಿ ರೆಟಿನಾದ ಫೋಟೋ ತೆಗೆಯುವುದು. ಓಸಿಟಿ ತೋರಿಸುವುದು ಊತವನ್ನು, ಆಂಜಿಯೋಗ್ರಾಮ್ ತೋರಿಸುವುದು ರಕ್ತದ ಓಡಾಟವನ್ನು. ಮ್ಯಾಕ್ಯುಲಾದ ನಡುವೆ ಸ್ವಲ್ಪ ಜಾಗದಲ್ಲಿ ರಕ್ತನಾಳ ಇಲ್ಲದಿರುವುದು ಸಹಜ. ಆ ಜಾಗ ಹಿಗ್ಗಿದ್ದರೆ, ಸುತ್ತಲಿನ ನಾಳಗಳು ಮುಚ್ಚಿಹೋಗಿವೆ ಅಂತ ಅರ್ಥ. ರಕ್ತವೇ ತಲುಪದ ಕಡೆ ನೀರಿಳಿದರೂ ದೃಷ್ಟಿ ಏರುವುದು ಕಷ್ಟ. ಡೈ ಚುಚ್ಚದೆ ಮಾಡುವ ಓಸಿಟಿ ಆಂಜಿಯೋಗ್ರಫಿಯಲ್ಲೂ ಇದು ಕಾಣುತ್ತದೆ. ನಾಳಗಳ ಆಳದ ಜಾಲವನ್ನು ಬೇರೆಯಾಗಿ ನೋಡಲು ಇದೇ ವಾಸಿ, ಆದರೆ ಸೋರಿಕೆ ಮಾತ್ರ ಇದರಲ್ಲಿ ಕಾಣುವುದಿಲ್ಲ.

"ಅಪ್ಪನ ಶುಗರ್ ಕಂಟ್ರೋಲಿಗೇ ಬಂದಿಲ್ಲ. ಈಗ ಇಂಜೆಕ್ಷನ್ ಕೊಡಿಸಿದರೆ ಸುಮ್ನೆ ದಂಡವಾ?"

ದಂಡ ಅಲ್ಲ. ಶುಗರ್ ಸರಿಹೋಗಲಿ ಅಂತ ಕಣ್ಣನ್ನು ಕಾಯಿಸುವುದೇ ದಂಡ.

ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಜಾಸ್ತಿ ಇದ್ದರೆ ಇಂಜೆಕ್ಷನ್ ಹಿಡಿಯುವುದಿಲ್ಲ ಎಂಬ ನಂಬಿಕೆ ತುಂಬಾ ಹರಡಿದೆ. ಅಧ್ಯಯನಗಳು ಒಂದೇ ದಾರಿ ಹಿಡಿದಿಲ್ಲ. ಆದರೆ ರೈಸ್, ರೈಡ್ ಅಧ್ಯಯನಗಳ ಮಾಹಿತಿಯನ್ನು ಮತ್ತೆ ಜಾಲಾಡಿದಾಗ, ಶುರುವಿನ ಎಚ್‌ಬಿಎ1ಸಿ ಎಷ್ಟೇ ಇದ್ದರೂ ರಾನಿಬಿಜುಮ್ಯಾಬ್‌ನಿಂದ ಸಿಕ್ಕಿದ ಲಾಭದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಶುಗರ್ ಮುಖ್ಯ ಅಲ್ಲ ಅಂತಲ್ಲ. 1993ರ ಡಿಸಿಸಿಟಿ ಮತ್ತು 1998ರ ಯುಕೆಪಿಡಿಎಸ್ ಅಧ್ಯಯನಗಳು ಬಿಗಿ ನಿಯಂತ್ರಣದಿಂದ ಕಣ್ಣಿನ ಕಾಯಿಲೆ ಬರುವುದೂ ಬೆಳೆಯುವುದೂ ಕಡಿಮೆಯಾಗುತ್ತದೆ ಅಂತ ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಿವೆ. ಅದು ವರ್ಷಗಳ ಲೆಕ್ಕದ ಲಾಭ. ಮುಂದಿನ ತಿಂಗಳು ಮ್ಯಾಕ್ಯುಲಾ ಒಣಗುತ್ತಾ ಎನ್ನುವುದು ಬೇರೆ ಮಾತು. ಇನ್ನೊಂದು ವಿಚಿತ್ರವೂ ಇದೆ. ತುಂಬಾ ದಿನ ಏರಿದ್ದ ಶುಗರನ್ನು ಒಮ್ಮೆಲೇ ಇಳಿಸಿದಾಗ ಕೆಲವರ ರೆಟಿನಾ ಕಾಯಿಲೆ ಸ್ವಲ್ಪ ಕಾಲ ಜಾಸ್ತಿಯಾಗಬಹುದು. ಡಿಸಿಸಿಟಿಯಲ್ಲೇ ಇದು ಕಂಡಿತ್ತು. ಅದಕ್ಕೇ ಶುಗರ್ ಔಷಧ ಬದಲಾದರೆ ಕಣ್ಣಿನ ಡಾಕ್ಟರಿಗೆ ಹೇಳಿ.

ಬಿಪಿ, ಕಿಡ್ನಿ ಎರಡನ್ನೂ ನೋಡಿಸಿ. ಮೈಯಲ್ಲಿ ನೀರು ನಿಲ್ಲುತ್ತಿದ್ದರೆ ಕಣ್ಣಲ್ಲೂ ನಿಲ್ಲಬಹುದು. ಪಯೋಗ್ಲಿಟಜೋನ್ ಎಂಬ ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ತಿಳಿಸಿ. ಅದು ಕೆಲವರಲ್ಲಿ ನೀರು ನಿಲ್ಲಿಸುತ್ತದೆ. ಹಾಗಂತ ನೀವೇ ಮಾತ್ರೆ ಬಿಡಬೇಡಿ.

"ಯಾವ ಇಂಜೆಕ್ಷನ್ ಎಲ್ಲಕ್ಕಿಂತ ಒಳ್ಳೇದು? ದುಬಾರಿದೇ ಬೇಕಾ?"

ನಿಮಗೆ ಈಗ ಎಷ್ಟು ಕಾಣುತ್ತದೆ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. 2015ರ ಪ್ರೋಟೋಕಾಲ್ ಟಿ ಅಧ್ಯಯನದಲ್ಲಿ 660 ಜನರಿಗೆ ಮೂರು ಔಷಧಗಳಲ್ಲಿ ಒಂದನ್ನು ಚೀಟಿ ಎತ್ತಿದ ಹಾಗೆ ಹಂಚಿ ಕೊಟ್ಟರು. ದೃಷ್ಟಿ ಸುಮಾರು 6/12ರ ಆಸುಪಾಸು ಅಥವಾ ಅದಕ್ಕಿಂತ ಚೆನ್ನಾಗಿದ್ದವರಲ್ಲಿ ಮೂರೂ ಹೆಚ್ಚುಕಡಿಮೆ ಸಮ: ವರ್ಷದ ಕೊನೆಗೆ 8 ಅಕ್ಷರದಷ್ಟು ಗಳಿಕೆ. 6/15 ಅಥವಾ ಅದಕ್ಕಿಂತ ಕೆಟ್ಟಿದ್ದವರಲ್ಲಿ ಅಫ್ಲಿಬರ್ಸೆಪ್ಟ್ 18.9 ಅಕ್ಷರ, ರಾನಿಬಿಜುಮ್ಯಾಬ್ 14.2, ಬೆವಸಿಜುಮ್ಯಾಬ್ 11.8. ಎರಡನೇ ವರ್ಷಕ್ಕೆ ಮೊದಲೆರಡರ ಅಂತರ ಕಿರಿದಾಯಿತು.

ಹಾಗಾದರೆ ದೃಷ್ಟಿ ಕಡಿಮೆ ಇದ್ದವರು ದುಬಾರಿಯದರಿಂದಲೇ ಶುರು ಮಾಡಬೇಕಾ? ಹಾಗೇನಿಲ್ಲ. 2022ರ ಪ್ರೋಟೋಕಾಲ್ ಎಸಿ ಇದಕ್ಕೇ ಉತ್ತರ ಹುಡುಕಿತು. ಒಂದು ಗುಂಪಿಗೆ ಮೊದಲಿನಿಂದ ಅಫ್ಲಿಬರ್ಸೆಪ್ಟ್. ಇನ್ನೊಂದಕ್ಕೆ ಅಗ್ಗದ ಬೆವಸಿಜುಮ್ಯಾಬ್, ಸಾಲದಿದ್ದರೆ ಮಾತ್ರ ಬದಲಾವಣೆ. 2 ವರ್ಷದಲ್ಲಿ ಎರಡನೇ ಗುಂಪಿನ ಶೇ. 70ರಷ್ಟು ಕಣ್ಣುಗಳು ಬದಲಾಯಿಸಿಕೊಳ್ಳಬೇಕಾಯಿತು. ಆದರೂ 2 ವರ್ಷದ ದೃಷ್ಟಿ ಲಾಭ ಸರಿಸುಮಾರು ಒಂದೇ ಇತ್ತು. ಷರತ್ತು ಒಂದೇ: ಸಾಲುತ್ತಿಲ್ಲ ಅಂತ ಗೊತ್ತಾದ ದಿನ ಬದಲಾಯಿಸಬೇಕು. ಅದಕ್ಕೆ ಹೇಳಿದ ತಾರೀಖಿಗೆ ಹೋಗುತ್ತಿರಬೇಕು, ಅಲ್ವಾ?

"ನನಗೆ ಚೆನ್ನಾಗೇ ಕಾಣ್ತಿದೆ. ಆದರೂ ನೀರಿದೆ ಅಂತಾರೆ. ಈಗಲೇ ಹಾಕಿಸಬೇಕಾ?"

ದೃಷ್ಟಿ 6/7.5 ಅಥವಾ ಅದಕ್ಕಿಂತ ಚೆನ್ನಾಗಿದ್ದರೆ ಕಾಯಬಹುದು, ಆದರೆ ಕಾಯುವುದು ಅಂದರೆ ಮರೆಯುವುದಲ್ಲ. 2019ರ ಪ್ರೋಟೋಕಾಲ್ ವಿ ಅಧ್ಯಯನದಲ್ಲಿ ಇಂಥವರಿಗೆ ತಕ್ಷಣ ಇಂಜೆಕ್ಷನ್, ಲೇಸರ್, ಬರೀ ಗಮನಿಸುವುದು ಎಂಬ ಮೂರು ದಾರಿ ಹಿಡಿದರು. 2 ವರ್ಷದಲ್ಲಿ 5 ಅಥವಾ ಹೆಚ್ಚು ಅಕ್ಷರ ಕಳೆದುಕೊಂಡವರು ಕ್ರಮವಾಗಿ ಶೇ. 16, 17, 19. ವ್ಯತ್ಯಾಸ ಇಲ್ಲವೆಂದೇ ಲೆಕ್ಕ. ದೃಷ್ಟಿ ಇಳಿದ ಕೂಡಲೇ ಉಳಿದವರಿಗೂ ಇಂಜೆಕ್ಷನ್ ಶುರು ಮಾಡುತ್ತಿದ್ದರು ಎಂಬುದನ್ನು ಮರೆಯಬೇಡಿ.

## ಚಿಕಿತ್ಸೆ ನಡೆಯುತ್ತಿರುವಾಗ

"ಮೂರು ಇಂಜೆಕ್ಷನ್ ಆಯ್ತು, ಏನೂ ಆಗಿಲ್ಲ. ನನ್ನ ಕಣ್ಣಿಗೆ ಇದು ಹಿಡಿಯಲ್ಲ ಅಂತಾನಾ?"

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ತಪ್ಪು ಉತ್ತರದಿಂದ ಅತಿ ಹೆಚ್ಚು ನಷ್ಟ ಆಗುವುದೂ ಇಲ್ಲೇ.

ಮೊದಲ ಮೂರು ತಿಂಗಳ ಫಲ ಮುಂದಿನದರ ಸುಳಿವು ಕೊಡುತ್ತದೆ ಎನ್ನುವುದು ನಿಜ. ಪ್ರೋಟೋಕಾಲ್ ಐ ಎಂಬ ಅಧ್ಯಯನದ ಮಾಹಿತಿಯನ್ನು ಮತ್ತೆ ಲೆಕ್ಕ ಹಾಕಿ 2016ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. 12 ವಾರಕ್ಕೆ 5 ಅಕ್ಷರವೂ ಏರದ ಕಣ್ಣುಗಳು ಸುಮಾರು ಶೇ. 40 ಇದ್ದವು. 3 ವರ್ಷದ ಕೊನೆಗೂ ಅವುಗಳ ಸರಾಸರಿ ಗಳಿಕೆ 3 ಅಕ್ಷರದಷ್ಟೇ. 12 ವಾರದಲ್ಲೇ 10 ಅಥವಾ ಹೆಚ್ಚು ಏರಿದವು 3 ವರ್ಷಕ್ಕೆ ಸುಮಾರು 14 ಅಕ್ಷರ ಉಳಿಸಿಕೊಂಡವು. ಇದನ್ನು ಓದಿದ ಹಲವರು "ಮೂರಕ್ಕೆ ಆಗದಿದ್ದರೆ ಔಷಧ ಬದಲಿಸು" ಎಂಬ ನಿಯಮ ಮಾಡಿಕೊಂಡರು.

ಆದರೆ ಸರಾಸರಿಯೊಳಗೆ ಒಬ್ಬೊಬ್ಬರ ದಾರಿ ಬೇರೆ. ನಿಧಾನವಾಗಿ ಶುರುವಾಗಿ ಆಮೇಲೆ ಚೆನ್ನಾಗಿ ಏರಿದ ಕಣ್ಣುಗಳೂ ಅದೇ ಗುಂಪಿನಲ್ಲಿದ್ದವು. ಪ್ರೋಟೋಕಾಲ್ ಟಿಯಲ್ಲಿ 24 ವಾರಕ್ಕೂ ನೀರು ಉಳಿದಿದ್ದು ಅಫ್ಲಿಬರ್ಸೆಪ್ಟ್ ಗುಂಪಿನ ಶೇ. 31.6, ರಾನಿಬಿಜುಮ್ಯಾಬ್‌ನ ಶೇ. 41.5, ಬೆವಸಿಜುಮ್ಯಾಬ್‌ನ ಶೇ. 65.6 ಕಣ್ಣುಗಳಲ್ಲಿ. ಅಂದರೆ ಆರು ತಿಂಗಳಿಗೂ ಪೂರ್ತಿ ಒಣಗದಿರುವುದು ಅಪರೂಪವೇನಲ್ಲ. ಹಾಗೆ ನೀರು ಉಳಿದವರಲ್ಲೂ ಬಹಳಷ್ಟು ಜನರ ದೃಷ್ಟಿ ಏರಿತ್ತು, ತೀರಾ ಕಳೆದುಕೊಂಡವರು ಕಡಿಮೆ.

ಹಾಗಾಗಿ ಮೂರಕ್ಕೆ ಕೈಬಿಡುವುದು ಆತುರ. ಒಂದು ಔಷಧಕ್ಕೆ ತಿಂಗಳಿಗೊಂದರಂತೆ ಐದಾರು ಅವಕಾಶ ಕೊಟ್ಟು ನೋಡುವುದು ನ್ಯಾಯ. "ತಿಂಗಳಿಗೊಂದು" ಎನ್ನುವುದನ್ನು ಗಮನಿಸಿ. ಐದು ಇಂಜೆಕ್ಷನ್ ಹಾಕಿಸಿದ್ದೇನೆ, ಹಿಡಿದಿಲ್ಲ ಅನ್ನುವವರ ಫೈಲು ತೆಗೆದು ತಾರೀಖು ನೋಡಿದರೆ ಕೆಲವೊಮ್ಮೆ ಅವು ಒಂದೂವರೆ ವರ್ಷಕ್ಕೆ ಹರಡಿರುತ್ತವೆ. ಅದು ಔಷಧ ಸೋತದ್ದಲ್ಲ, ಔಷಧ ಸಾಲದ್ದು.

"ಔಷಧ ಬದಲಾಯಿಸಿದ ಮೇಲೆ ಒಳ್ಳೇದಾಯ್ತು. ಹೊಸದೇ ಜಾಸ್ತಿ ಪವರ್ ಅಲ್ವಾ?"

ಇರಬಹುದು, ಇಲ್ಲದಿರಲೂಬಹುದು. ನಾವು ಔಷಧ ಬದಲಾಯಿಸುವುದು ಕಣ್ಣು ತೀರಾ ಕೆಟ್ಟಿದ್ದ ದಿನ. ಅಂಥ ದಿನದ ನಂತರ ಅಳೆದರೆ, ಏನೂ ಮಾಡದಿದ್ದರೂ ಸ್ವಲ್ಪ ಸುಧಾರಿಸಿರುವ ಸಾಧ್ಯತೆ ಹೆಚ್ಚು. ಹಳೆಯದನ್ನೇ ಇನ್ನೆರಡು ಹಾಕಿಸಿದ್ದರೂ ಹೀಗೇ ಆಗುತ್ತಿತ್ತಾ? ಹೋಲಿಸಲು ಗುಂಪು ಇಲ್ಲದೆ ಹೇಳಲಾಗದು.

ಇದಕ್ಕೆ ಚೆನ್ನಾದ ಉದಾಹರಣೆ 2018ರಲ್ಲಿ ಮುದ್ರಣವಾದ ಪ್ರೋಟೋಕಾಲ್ ಯು. ಆಗಲೇ ಹಲವು ಇಂಜೆಕ್ಷನ್ ಆಗಿಯೂ ನೀರು ಉಳಿದಿದ್ದ ಕಣ್ಣುಗಳಿಗೆ ಮೊದಲು ಇನ್ನೂ ಮೂರು ರಾನಿಬಿಜುಮ್ಯಾಬ್ ಕೊಟ್ಟರು. ಅಷ್ಟಕ್ಕೇ ಹಲವು ಕಣ್ಣುಗಳು ಸುಧಾರಿಸಿ ಅಧ್ಯಯನದ ಮುಂದಿನ ಹಂತಕ್ಕೆ ಬರಲೇ ಇಲ್ಲ. ಉಳಿದ 129 ಕಣ್ಣುಗಳಲ್ಲಿ ಅರ್ಧಕ್ಕೆ ಡೆಕ್ಸಾಮೆಥಾಸೋನ್ ಸ್ಟಿರಾಯ್ಡನ್ನೂ ಸೇರಿಸಿದರು. 24 ವಾರಕ್ಕೆ ದಪ್ಪ ಸರಾಸರಿ 110 ಮೈಕ್ರಾನ್ ಇಳಿಯಿತು, ಸ್ಟಿರಾಯ್ಡ್ ಇಲ್ಲದವರಲ್ಲಿ 62. ದೃಷ್ಟಿ? 2.7 ಅಕ್ಷರ ಮತ್ತು 3.0 ಅಕ್ಷರ. ನೀರು ಜಾಸ್ತಿ ಇಳಿಯಿತು, ದೃಷ್ಟಿ ಅಷ್ಟೇ ಉಳಿಯಿತು.

"ಸ್ಟಿರಾಯ್ಡ್ ಇಂಪ್ಲಾಂಟ್ ಯಾರಿಗೆ ಒಗ್ಗುತ್ತೆ?"

ಇದು ಕಣ್ಣೊಳಗೆ ಇಡುವ, ನಿಧಾನವಾಗಿ ಸ್ಟಿರಾಯ್ಡ್ ಬಿಡುವ ಸಣ್ಣ ಕಡ್ಡಿ. ಒಗ್ಗುವುದು ಇಂಥವರಿಗೆ: ಪೊರೆ ಆಪರೇಷನ್ ಆಗಲೇ ಆಗಿದ್ದವರು, ತುಂಬಾ ಹಳೆಯ ಊತ ಇದ್ದವರು, ತಿಂಗಳು ತಿಂಗಳೂ ಬರಲಾಗದವರು, ಇತ್ತೀಚೆಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿ ಡಾಕ್ಟರು ವಿಇಜಿಎಫ್ ತಡೆಯುವ ಔಷಧ ಬೇಡ ಅಂದವರು. ಹಳೆಯ ಊತದಲ್ಲಿ ವಿಇಜಿಎಫ್ ಒಂದೇ ಅಲ್ಲದೆ ಉರಿಯೂತದ ಬೇರೆ ರಾಸಾಯನಿಕಗಳ ಪಾಲೂ ಇರುತ್ತದೆ. ಸ್ಟಿರಾಯ್ಡ್ ಅವನ್ನೂ ತಗ್ಗಿಸುತ್ತದೆ. ಬೆಲೆ ತೆರಬೇಕಾದ್ದು ಎರಡು ಕಡೆ: ಪೊರೆ ಬೇಗ ಬರುತ್ತದೆ, ಕಣ್ಣಿನ ಒತ್ತಡ ಏರಬಹುದು. ಗ್ಲಾಕೋಮಾ (ಕಣ್ಣಿನ ಒತ್ತಡದಿಂದ ನರ ಹಾಳಾಗುವ ಕಾಯಿಲೆ) ಇದ್ದರೆ ಮೊದಲೇ ಹೇಳಿ.

"ಒಂದು ಕಣ್ಣಿಗೆ ಚೆನ್ನಾಗಿ ಹಿಡೀತು. ಇನ್ನೊಂದಕ್ಕೂ ಹಾಗೇ ಆಗುತ್ತಾ?"

ಸುಳಿವು ಸಿಗುತ್ತದೆ, ಭರವಸೆ ಸಿಗುವುದಿಲ್ಲ. ರಕ್ತ, ಶುಗರ್, ಬಿಪಿ ಎರಡಕ್ಕೂ ಒಂದೇ. ಆಗಿರುವ ಹಾನಿ ಒಂದೇ ಇರುವುದಿಲ್ಲ.

"ನಡುವೆ ಆರು ತಿಂಗಳು ತಪ್ಪಿಹೋಯ್ತು. ಈಗ ಹೋದರೆ ಪ್ರಯೋಜನ ಇದೆಯಾ?"

ಇದೆ, ಹೋಗಿ. ಬೈಸಿಕೊಳ್ಳಬೇಕಾದೀತು ಅಂತ ಇನ್ನೂ ಆರು ತಿಂಗಳು ತಳ್ಳಬೇಡಿ.

ಇಲ್ಲಿ ಡಾಕ್ಟರುಗಳಿಗೂ ಒಂದು ಮಾತಿದೆ. ಹೊಸ ರಕ್ತನಾಳ ಬೆಳೆಯುವ ಮುಂದುವರಿದ ಹಂತದಲ್ಲಿ, ಇಂಜೆಕ್ಷನ್ ಲೇಸರ್‌ನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ 2015ರ ಪ್ರೋಟೋಕಾಲ್ ಎಸ್ ತೋರಿಸಿತು. ಆದರೆ ಅದು ತಪ್ಪದೆ ಬಂದವರ ಕಥೆ. 2019ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆಯಲ್ಲಿ, ಚಿಕಿತ್ಸೆಯ ನಡುವೆ 6 ತಿಂಗಳಿಗಿಂತ ಜಾಸ್ತಿ ಬಾರದೆ ಉಳಿದವರನ್ನು ಹೋಲಿಸಿದರು. ಬರೀ ಇಂಜೆಕ್ಷನ್ ತಗೊಂಡಿದ್ದವರ ಕಣ್ಣು, ಲೇಸರ್ ಆಗಿದ್ದವರ ಕಣ್ಣಿಗಿಂತ ಹೆಚ್ಚು ಕೆಟ್ಟಿತ್ತು. ಲೇಸರ್‌ನ ಪರಿಣಾಮ ಉಳಿಯುತ್ತದೆ, ಇಂಜೆಕ್ಷನ್‌ನದು ಕರಗುತ್ತದೆ. ಈ ರೋಗಿ ಮುಂದಿನ ವರ್ಷ ಎಷ್ಟು ಸಲ ಬರಬಲ್ಲರು ಎಂಬ ಅಂದಾಜು ಸ್ಕ್ಯಾನ್‌ನ ಯಾವ ಗುರುತಿಗಿಂತಲೂ ಕಡಿಮೆ ಮುಖ್ಯವಲ್ಲ. ಅದನ್ನು ತಿಳಿಯಲು ಯಂತ್ರ ಬೇಡ. ಯಾರು ಕರೆದುಕೊಂಡು ಬರುತ್ತಾರೆ, ಎಷ್ಟು ದೂರ, ರಜೆ ಸಿಗುತ್ತಾ ಅಂತ ಕೇಳಿದರೆ ಸಾಕು.

## ಇನ್ನಷ್ಟು ಆಳಕ್ಕೆ ಇಳಿಯುವವರಿಗೆ

"ಕಣ್ಣಿನೊಳಗಿನ ದ್ರವವನ್ನೇ ಪರೀಕ್ಷೆ ಮಾಡಿ ಔಷಧ ಆರಿಸಬಹುದಲ್ಲ?"

ಯೋಚನೆ ಸರಿಯಾಗಿದೆ. ಕಣ್ಣಿನ ಮುಂಭಾಗದ ದ್ರವದಲ್ಲಿ ವಿಇಜಿಎಫ್, ಉರಿಯೂತದ ರಾಸಾಯನಿಕಗಳಾದ ಇಂಟರ್‌ಲ್ಯೂಕಿನ್-6, ಎಂಸಿಪಿ-1 ಇತ್ಯಾದಿಗಳ ಮಟ್ಟ ಅಳೆದು, ಯಾವುದು ಏರಿದ್ದರೆ ಯಾವ ಔಷಧ ಹಿಡಿಯುತ್ತದೆ ಅಂತ ನೋಡಿದವರು ಬಹಳ ಜನ. ತೊಂದರೆ ಎಲ್ಲಿದೆ ಅಂದರೆ, ಇಂಥ ಅಧ್ಯಯನಗಳು ಹೆಚ್ಚಾಗಿ ಚಿಕ್ಕವು, ಅಳೆಯುವ ಕಿಟ್‌ಗಳು ಬೇರೆ ಬೇರೆ, ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ಸಿಗುವುದಿಲ್ಲ. ದಿನನಿತ್ಯದ ಚಿಕಿತ್ಸೆಯಲ್ಲಿ ಇದು ಬಳಕೆಗೆ ಬಂದಿಲ್ಲ.

"ಎಐ ಸ್ಕ್ಯಾನ್ ನೋಡಿ ಹೇಳಿಬಿಡುತ್ತಂತೆ?"

ಎರಡು ಕೆಲಸಗಳನ್ನು ಬೆರೆಸಬೇಡಿ. ಈ ಫೋಟೋದಲ್ಲಿ ಕಾಯಿಲೆ ಇದೆಯಾ ಅಂತ ಹೇಳುವುದು ಒಂದು. ಇದರಲ್ಲಿ ಎಐ ಬಹಳ ಮುಂದಿದೆ. 2016ರಲ್ಲಿ ಗೂಗಲ್ ತಂಡದ ಪ್ರಬಂಧ ಬಂತು, 2018ರಲ್ಲಿ ಐಡಿಎಕ್ಸ್-ಡಿಆರ್ ಎಂಬ ವ್ಯವಸ್ಥೆಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಆರು ತಿಂಗಳ ನಂತರ ಈ ಕಣ್ಣು ಹೇಗಿರುತ್ತದೆ ಅಂತ ಹೇಳುವುದು ಬೇರೆಯೇ ಕೆಲಸ. ಮೊದಲನೆಯದರ ಉತ್ತರ ಚಿತ್ರದಲ್ಲೇ ಇದೆ. ಎರಡನೆಯದರ ಉತ್ತರ ಇನ್ನೂ ಆಗಿಯೇ ಇಲ್ಲ. ರೋಗಿ ಬರುತ್ತಾರಾ, ಶುಗರ್ ಏನಾಗುತ್ತದೆ, ಎಷ್ಟು ಇಂಜೆಕ್ಷನ್ ಸಿಗುತ್ತದೆ ಎಂಬುದು ಯಾವ ಸ್ಕ್ಯಾನಲ್ಲೂ ಬರೆದಿಲ್ಲ.

ಎಐ ನಿಜಕ್ಕೂ ಚೆನ್ನಾಗಿ ಮಾಡುವ ಇನ್ನೊಂದು ಕೆಲಸ ದ್ರವದ ಪ್ರಮಾಣ ಅಳೆಯುವುದು. ಮನುಷ್ಯರು "ಸ್ವಲ್ಪ ಕಡಿಮೆಯಾಗಿದೆ" ಅನ್ನುವ ಕಡೆ ಅದು ಸಂಖ್ಯೆ ಕೊಡುತ್ತದೆ. ಭವಿಷ್ಯ ಹೇಳುವುದಕ್ಕಿಂತ ಇದೇ ಬೇಗ ಉಪಯೋಗಕ್ಕೆ ಬರುತ್ತದೆ ಅನ್ನುವುದು ನನ್ನ ಅನಿಸಿಕೆ.

"ನಮ್ಮ ಮಾಡೆಲ್ ಚಿಕಿತ್ಸೆಯ ಫಲವನ್ನು ಶೇ. 90 ಸರಿಯಾಗಿ ಹೇಳುತ್ತೆ. ಡಾಕ್ಟರುಗಳು ಯಾಕೆ ಒಪ್ಪುತ್ತಿಲ್ಲ?"

ಅವರು ಕೇಳುವ ಪ್ರಶ್ನೆಗಳನ್ನು ನೀವೇ ಮೊದಲು ಕೇಳಿಕೊಳ್ಳಿ. "ಫಲ" ಅಂದರೆ ಏನು ಇಟ್ಟುಕೊಂಡಿದ್ದೀರಿ? ದಪ್ಪ ಶೇ. 20 ಇಳಿಯುವುದಾ, 5 ಅಕ್ಷರ ಏರುವುದಾ, 10 ಅಕ್ಷರವಾ? ಗಡಿ ಬದಲಾದರೆ ಅದೇ ಕಣ್ಣು ಗೆದ್ದದ್ದೂ ಆಗುತ್ತದೆ, ಸೋತದ್ದೂ ಆಗುತ್ತದೆ. ನಿಮ್ಮ ಮಾಹಿತಿಯಲ್ಲಿ ಶೇ. 85 ಕಣ್ಣುಗಳು ಒಣಗಿದ್ದರೆ, ಕಣ್ಣು ಮುಚ್ಚಿ "ಎಲ್ಲವೂ ಒಣಗುತ್ತದೆ" ಅಂದರೂ ಶೇ. 85 ಸರಿಯಾಗುತ್ತದೆ. ಒಬ್ಬರದೇ ಎರಡು ಕಣ್ಣುಗಳಲ್ಲಿ ಒಂದು ತರಬೇತಿಗೆ, ಇನ್ನೊಂದು ಪರೀಕ್ಷೆಗೆ ಸೇರಿಬಿಟ್ಟಿದೆಯಾ? ಬೇರೆ ಆಸ್ಪತ್ರೆಯ, ಬೇರೆ ಯಂತ್ರದ ಸ್ಕ್ಯಾನ್ ಮೇಲೆ ಓಡಿಸಿ ನೋಡಿದ್ದೀರಾ? 6 ತಿಂಗಳಿಗೆ ದೃಷ್ಟಿ ಎಷ್ಟಿರುತ್ತದೆ ಅಂತ ಹೇಳುವುದು ಸುಲಭ, ಇವತ್ತಿನದನ್ನೇ ಹೇಳಿದರೂ ಹತ್ತಿರ ಬರುತ್ತದೆ. ಎಷ್ಟು ಬದಲಾಗುತ್ತದೆ ಅಂತ ಹೇಳುವುದೇ ಕಷ್ಟ. ನಿಮ್ಮ ಅಂಕ ಯಾವುದರದ್ದು?

"ಯಾರಿಗೆ ಒಳ್ಳೇದಾಗುತ್ತೆ ಅನ್ನೋದಕ್ಕೂ, ಯಾರಿಗೆ ಯಾವ ಔಷಧ ಅನ್ನೋದಕ್ಕೂ ವ್ಯತ್ಯಾಸ ಏನು?"

ಬಹಳ ಇದೆ. ಎಲಿಪ್ಸಾಯ್ಡ್ ಗೆರೆ ಚೆನ್ನಾಗಿರುವ ಕಣ್ಣು ಯಾವ ಔಷಧ ಕೊಟ್ಟರೂ ಚೆನ್ನಾಗಿ ಮಾಡುತ್ತದೆ. ಡ್ರಿಲ್ ಹರಡಿದ ಕಣ್ಣು ಯಾವುದು ಕೊಟ್ಟರೂ ಕಷ್ಟಪಡುತ್ತದೆ. ಇಂಥ ಗುರುತುಗಳು ರೋಗಿಗೆ ನಿಜ ಹೇಳಲು ಬೇಕು, ಔಷಧ ಆರಿಸಲು ಹೆಚ್ಚು ನೆರವಾಗುವುದಿಲ್ಲ. 'ಎ' ಔಷಧ ಕೊಟ್ಟರೆ 'ಬಿ' ಔಷಧಕ್ಕಿಂತ ಒಳ್ಳೆಯದಾಗುವ ಕಣ್ಣು ಯಾವುದು ಎನ್ನಲು, ಎರಡೂ ಔಷಧಗಳನ್ನು ಯಾದೃಚ್ಛಿಕವಾಗಿ ಹಂಚಿದ ಅಧ್ಯಯನದಲ್ಲಿ ಆ ಗುರುತು ಇದ್ದವರಲ್ಲೂ ಇಲ್ಲದವರಲ್ಲೂ ಅಂತರ ಬೇರೆ ಬೇರೆ ಇದೆ ಅಂತ ತೋರಿಸಬೇಕು. ಡಿಎಂಇಯಲ್ಲಿ ಆ ಪರೀಕ್ಷೆಯನ್ನು ದೊಡ್ಡ ಅಧ್ಯಯನದಲ್ಲಿ ಸ್ಪಷ್ಟವಾಗಿ ದಾಟಿದ ಗುರುತು ಅಂದರೆ ಪ್ರೋಟೋಕಾಲ್ ಟಿಯ ಶುರುವಿನ ದೃಷ್ಟಿ. ಗೋಡೆಯ ಚಾರ್ಟಿನ ಮುಂದೆ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಎಷ್ಟು ಸಾಲು ಓದುತ್ತಾರೆ ಅಂತ ನೋಡಿದರೆ ಅದು ಸಿಗುತ್ತದೆ.